64 ಜಿಬಿ ಅಂತ ಬರೆದಿದೆ, ಒಳಗೆ ಎಷ್ಟಿದೆ? ಕಲಬುರಗಿಯಲ್ಲಿ ಪೆನ್ ಡ್ರೈವ್ ಕೊಳ್ಳುವವರಿಗೆ

ಪೆನ್ ಡ್ರೈವ್ ಹಾಕಿದಾಗ ತೆರೆಯ ಮೇಲೆ ಕಾಣುವ ಜಿಬಿ ಲೆಕ್ಕವನ್ನು ಕಂಪ್ಯೂಟರ್ ಅಳೆದು ಹೇಳುವುದಿಲ್ಲ. ಪೆನ್ ಡ್ರೈವ್ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೋ ಅದನ್ನೇ ತೋರಿಸುತ್ತದೆ. ನಕಲಿ ಮಾಲಿನ ವ್ಯಾಪಾರ ನಿಂತಿರುವುದು ಇದರ ಮೇಲೆ. ಅದಕ್ಕೇ ಅಂಗಡಿಯವರು ಲ್ಯಾಪ್‌ಟಾಪ್‌ಗೆ ಹಾಕಿ "ನೋಡ್ರಿ, ಪೂರಾ 64 ತೋರಸ್ತದ" ಅಂದರೂ ಅದು ಸಾಕ್ಷಿಯಾಗುವುದಿಲ್ಲ. ಅವರು ಮೋಸ ಮಾಡುತ್ತಿದ್ದಾರೆ ಅಂತಲೂ ಅಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ.

ಎಲ್ಲವೂ ಮೊಬೈಲ್‌ನಲ್ಲೇ ಸಿಗುವ ಈ ಕಾಲದಲ್ಲೂ ನಮ್ಮ ಕಡೆ ಪೆನ್ ಡ್ರೈವ್ ಓಡಾಟ ನಿಂತಿಲ್ಲ. ಸ್ಟುಡಿಯೊದವರು ಮದುವೆ ವಿಡಿಯೊ ಕೊಡುವುದು ಇದರಲ್ಲೇ. ಗುಲಬರ್ಗಾ ವಿಶ್ವವಿದ್ಯಾಲಯದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹುಡುಗರು ಥೀಸಿಸ್ ಪ್ರಿಂಟ್ ಹಾಕಿಸಲು ಹೋಗುವುದು ಇದನ್ನೇ ಹಿಡಿದುಕೊಂಡು. ಟ್ರ್ಯಾಕ್ಟರ್‌ನಲ್ಲಿ, ಕ್ರೂಸರ್ ಗಾಡಿಯಲ್ಲಿ ತತ್ವಪದ, ಭಜನೆ, ಮೊಹರಂ ಪದ ಕೇಳುವುದೂ ಇದರಿಂದಲೇ. ನಕಲಿ ಪೆನ್ ಡ್ರೈವ್‌ಗೆ ಹೋಗುವ ದುಡ್ಡು ಚಿಕ್ಕದು. ಅದರ ಜೊತೆ ಹೋಗುವ ಮಗಳ ಮದುವೆ ವಿಡಿಯೊ, ತೀರಿಕೊಂಡ ಅಜ್ಜನ ದನಿ ಎಷ್ಟು ದುಡ್ಡು ಸುರಿದರೂ ವಾಪಸ್ ಬರುವುದಿಲ್ಲ. ಹಾಗಾಗಿ ಕೊಳ್ಳುವುದರಿಂದ ಹಿಡಿದು ಟೆಸ್ಟ್ ಮಾಡುವ ತನಕ ಬಿಡಿಸಿ ಹೇಳುತ್ತೇನೆ.

ಮೋಸ ನಡೆಯುವುದು ಹೇಗೆ

ಪೆನ್ ಡ್ರೈವ್ ಒಳಗೆ ಮುಖ್ಯವಾದವು ಎರಡು. ಒಂದು, ಡೇಟಾ ಹಿಡಿದಿಡುವ ಫ್ಲ್ಯಾಶ್ ಮೆಮೊರಿ ಚಿಪ್. ಇನ್ನೊಂದು, ಆ ಚಿಪ್ಪನ್ನು ನೋಡಿಕೊಳ್ಳುವ ಕಂಟ್ರೋಲರ್. "ನಿನ್ನ ಹತ್ತಿರ ಇಷ್ಟು ಮೆಮೊರಿ ಇದೆ" ಅಂತ ಕಂಟ್ರೋಲರ್‌ಗೆ ತಯಾರಿಸುವಾಗಲೇ ಸಾಫ್ಟ್‌ವೇರ್ ಮೂಲಕ ಹೇಳಿಟ್ಟಿರುತ್ತಾರೆ. ಮೋಸಗಾರರು ಕೈ ಹಾಕುವುದು ಇಲ್ಲೇ. 8 ಜಿಬಿ ಚಿಪ್ ಕೂರಿಸಿ, ಕಂಟ್ರೋಲರ್‌ನಲ್ಲಿ 128 ಜಿಬಿ ಅಂತ ಬರೆದಿಡುತ್ತಾರೆ. ವಿಂಡೋಸ್ ಅದನ್ನೇ ನಂಬುತ್ತದೆ, ಟಿವಿ ಅದನ್ನೇ ನಂಬುತ್ತದೆ, ಮೊಬೈಲ್ ಕೂಡ ಅದನ್ನೇ ನಂಬುತ್ತದೆ.

ಮೊದಲ 8 ಜಿಬಿ ತುಂಬುವ ತನಕ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಫೋಟೊ ತೆರೆಯುತ್ತವೆ, ಹಾಡು ಕೇಳಿಸುತ್ತವೆ. ಆಮೇಲೆ ಹಾಕಿದ್ದಕ್ಕೆ ಒಳಗೆ ಜಾಗವೇ ಇಲ್ಲ. ಕೆಲವು ಕಂಟ್ರೋಲರ್‌ಗಳು ಹೊಸ ಡೇಟಾವನ್ನು ಸುಮ್ನೆ ಎಸೆದುಬಿಡುತ್ತವೆ. ಇನ್ನು ಕೆಲವು ಮೊದಲಿನಿಂದ ಶುರು ಮಾಡಿ ಹಳೆಯ ಡೇಟಾದ ಮೇಲೆಯೇ ಬರೆಯುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಮೊದಲು ಸರಿಯಾಗಿ ಉಳಿದಿದ್ದೂ ಹಾಳಾಗುತ್ತದೆ. ಎರಡರಲ್ಲೂ ಕಂಪ್ಯೂಟರ್‌ಗೆ ಬರುವ ಉತ್ತರ ಒಂದೇ, "ಬರೆದಾಯಿತು". ಕಾಪಿ ಪೂರ್ತಿ ಮುಗಿಯುತ್ತದೆ, ಎರರ್ ಬರುವುದಿಲ್ಲ.

ಫೈಲ್ ಹೆಸರುಗಳು ಮಾತ್ರ ಸಾಮಾನ್ಯವಾಗಿ ಕಾಣುತ್ತಲೇ ಇರುತ್ತವೆ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಡ್ರೈವ್‌ನ ಶುರುವಿನ ಭಾಗದಲ್ಲಿರುತ್ತದೆ, ಆ ಭಾಗ ಅಸಲಿ. ಹೆಸರಿದೆ, ಸೈಜ್ ಇದೆ, ತಾರೀಖಿದೆ, ಆದರೆ ಒತ್ತಿದರೆ ತೆರೆಯುವುದಿಲ್ಲ. ಜನ ಆಗ ವೈರಸ್ ಅಂದುಕೊಳ್ಳುತ್ತಾರೆ, ಇಲ್ಲವೇ ತಾವೇ ತಪ್ಪಾಗಿ ತೆಗೆದೆವು ಅಂತ ಕೊರಗುತ್ತಾರೆ. ನಮ್ಮ ಓಣಿಯ ಅಕ್ಕ ಒಬ್ಬರು ಮಗನ ಜವಳದ ವಿಡಿಯೊ ಹೀಗೆ ಕಳೆದುಕೊಂಡು ಎಷ್ಟೋ ದಿನ ತಮ್ಮನ್ನೇ ಬೈದುಕೊಂಡಿದ್ದರು. ಅವರದ್ದು ಏನೂ ತಪ್ಪಿರಲಿಲ್ಲ.

ಫಾರ್ಮ್ಯಾಟ್ ಮಾಡಿದರೂ ಈ ಮೋಸ ಹೊರಗೆ ಬರುವುದಿಲ್ಲ. ನಾವು ಸಾಮಾನ್ಯವಾಗಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಆ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಉಳಿದ ಜಾಗವನ್ನು ಮುಟ್ಟಿಯೂ ನೋಡುವುದಿಲ್ಲ.

ಇನ್ನೊಂದು ಬಗೆಯ ಮಾಲಿದೆ. ಅದರಲ್ಲಿ ಜಿಬಿ ಸರಿಯಾಗಿಯೇ ಇರುತ್ತದೆ, ಆದರೆ ಚಿಪ್ ಕಳಪೆ. ಡೇಟಾ ಮರಳಿ ತೆಗೆದುಕೊಡುವ ಜರ್ಮನಿಯ ಸಿಬಿಎಲ್ ಎಂಬ ಸಂಸ್ಥೆ 2024ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ದೊಡ್ಡ ಕಂಪನಿಗಳ ತಪಾಸಣೆಯಲ್ಲಿ ಪಾಸಾಗದ ಚಿಪ್‌ಗಳು, ಮೇಲಿನ ಹೆಸರು ಕೆರೆದು ತೆಗೆದ ಸ್ಥಿತಿಯಲ್ಲಿ, ಹಾಳಾದ ಪೆನ್ ಡ್ರೈವ್‌ಗಳ ಒಳಗೆ ಅವರಿಗೆ ಸಿಕ್ಕಿದ್ದವು. ಕೆಲವುದರಲ್ಲಿ ಬೋರ್ಡಿಗೆ ಬೆಸುಗೆ ಹಾಕಿದ ಮೈಕ್ರೊ ಎಸ್‌ಡಿ ಕಾರ್ಡೇ ಇತ್ತು. ಇಂಥದ್ದು ಮೊದಲ ದಿನದ ಟೆಸ್ಟ್‌ನಲ್ಲಿ ಪಾಸಾಗಿಬಿಡಬಹುದು. ಹಾಗಾಗಿ ಟೆಸ್ಟ್ ಇದೆಯಲ್ಲ ಅಂತ ಎಲ್ಲೆಂದರಲ್ಲಿ ಕೊಳ್ಳುವಂತಿಲ್ಲ.

ಮೊದಲು, ನಿಮಗೆ ಎಷ್ಟು ಬೇಕು?

ದೊಡ್ಡದು ಒಳ್ಳೆಯದು ಅಂದುಕೊಳ್ಳಬೇಡಿ. ಗಾಡಿಯ ಹಾಡಿಗೆ 16 ಅಥವಾ 32 ಜಿಬಿ ಧಾರಾಳ. ಹಳೆಯ ಕಾರ್ ಸ್ಟೀರಿಯೊಗಳಲ್ಲಿ ಎಷ್ಟೋ 32 ಜಿಬಿಗಿಂತ ದೊಡ್ಡದನ್ನು ಓದುವುದೇ ಇಲ್ಲ. ಥೀಸಿಸ್, ಕಾಗದಪತ್ರಕ್ಕೆ 32 ಸಾಕು. ಮದುವೆ ವಿಡಿಯೊಗೆ 64 ಅಥವಾ 128 ತೆಗೆದುಕೊಳ್ಳಿ. ಅದಕ್ಕೂ ಮೇಲೆ, 500 ಜಿಬಿ, 1 ಟಿಬಿ (ಅಂದರೆ ಸಾವಿರ ಜಿಬಿ) ಬೇಕಾದರೆ ನನ್ನ ಸಲಹೆ ಹೆಸರಾಂತ ಕಂಪನಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ನಕಲಿಗಳು ಜಾಸ್ತಿ ಮೆರೆಯುವುದು 1 ಟಿಬಿ, 2 ಟಿಬಿ ಅನ್ನುವ ಲೇಬಲ್‌ನಲ್ಲೇ. 2 ಟಿಬಿ ಪೆನ್ ಡ್ರೈವ್ ನಿಜವಾಗಿಯೂ ಇದೆ. ಕಿಂಗ್‌ಸ್ಟನ್ 2017ರಲ್ಲೇ ಅಂಥದ್ದೊಂದನ್ನು ತಂದಿತ್ತು. ಆದರೆ ಅಷ್ಟು ಮೆಮೊರಿಯನ್ನು ಐದಾರು ನೂರು ರೂಪಾಯಿಗೆ ಯಾವ ಕಂಪನಿಯೂ ಕೊಡಲು ಆಗುವುದಿಲ್ಲ. ಆ ಬೆಲೆಗೆ 2 ಟಿಬಿ ಕಂಡರೆ ಟೆಸ್ಟ್ ಮಾಡುವ ಅಗತ್ಯವೂ ಇಲ್ಲ, ಅದು ನಕಲಿ.

ವೇಗದ ವಿಷಯ. ಯುಎಸ್‌ಬಿ 2.0 ಮತ್ತು 3.0 ನಡುವೆ ಭಾರಿ ವ್ಯತ್ಯಾಸವಿದೆ. ಲೆಕ್ಕದಲ್ಲಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, 3.0ರದ್ದು 5 ಗಿಗಾಬಿಟ್. ಪ್ಯಾಕ್ ಮೇಲೆ 3.2 ಜೆನ್ 1 ಅಂತಿದ್ದರೆ ಅದು 3.0ರ ಹೊಸ ಹೆಸರಷ್ಟೇ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಇನ್ನೂ ಒಂದು ಮಾತು, "130 ಎಂಬಿ ವರೆಗೆ" ಅಂತ ದೊಡ್ಡದಾಗಿ ಬರೆದಿದ್ದರೆ ಅದು ಓದುವ ವೇಗ. ಬರೆಯುವ ವೇಗ ಅದಕ್ಕಿಂತ ತುಂಬಾ ಕಡಿಮೆ ಇರುತ್ತದೆ, ಅದನ್ನು ಬಹಳ ಕಂಪನಿಗಳು ಪ್ಯಾಕ್ ಮೇಲೆ ಹಾಕುವುದೇ ಇಲ್ಲ. ದೊಡ್ಡ ವಿಡಿಯೊ ಹಾಕುವವರು 3.0 ತೆಗೆದುಕೊಳ್ಳಿ. ಹಾಡು, ಕಾಗದಪತ್ರಕ್ಕೆ 2.0 ನಡೆಯುತ್ತದೆ.

ನಾವು ಮಾಮೂಲಿಯಾಗಿ ಬಳಸುವ ಅಗಲ ಮೂತಿಯ ಪೆನ್ ಡ್ರೈವ್‌ನಲ್ಲಿ 3.0 ಹೌದೋ ಅಲ್ಲವೋ ನೋಡಲು ಒಂದು ದಾರಿ ಇದೆ. ಮೂತಿಯ ಒಳಗೆ ಬೆಳಕು ಬಿಟ್ಟು ನೋಡಿ. 2.0ದಲ್ಲಿ ಲೋಹದ ನಾಲ್ಕು ಪಟ್ಟಿಗಳಿರುತ್ತವೆ. 3.0ದಲ್ಲಿ ಆ ನಾಲ್ಕರ ಜೊತೆ ಇನ್ನೂ ಐದು, ಒಟ್ಟು ಒಂಬತ್ತು. ನೀಲಿ ಬಣ್ಣ ನೋಡಿ ನಂಬಬೇಡಿ, ನೀಲಿ ಪ್ಲಾಸ್ಟಿಕ್ ಯಾರು ಬೇಕಾದರೂ ಹಾಕಬಹುದು.

ಅಂಗಡಿಯಲ್ಲಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗುವ ಮೊದಲು, ನೀವು ಕೊಳ್ಳಬೇಕೆಂದಿರುವ ಮಾಡೆಲ್‌ನ ಇವತ್ತಿನ ಬೆಲೆಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಮೆಮೊರಿ ಬೆಲೆ ಏರಿಳಿಯುತ್ತಲೇ ಇರುತ್ತದೆ, ಹೋದ ವರ್ಷದ ರೇಟು ನೆನಪಿಟ್ಟುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ಐವತ್ತು ನೂರು ರೂಪಾಯಿ ಹೆಚ್ಚುಕಡಿಮೆ ಸಹಜ. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ.

ಸ್ಯಾನ್‌ಡಿಸ್ಕ್, ಕಿಂಗ್‌ಸ್ಟನ್, ಸ್ಯಾಮ್‌ಸಂಗ್, ಟ್ರಾನ್ಸೆಂಡ್, ಇವುಗಳಲ್ಲಿ ಯಾವುದಾದರೂ ಆದೀತು. ಆದರೆ ಹೆಸರಾಂತ ಬ್ರ್ಯಾಂಡಿನ ಲೇಬಲ್ಲೇ ಹೆಚ್ಚು ನಕಲಾಗುವುದು. ಹೆಸರಿಗಿಂತ ಪ್ಯಾಕ್ ಜಾಸ್ತಿ ಹೇಳುತ್ತದೆ. ನಮ್ಮ ದೇಶದಲ್ಲಿ ಪ್ಯಾಕ್ ಮಾಡಿ ಮಾರುವ ಮಾಲಿನ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಹೊರದೇಶದಿಂದ ತರಿಸಿದವರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ಗ್ರಾಹಕರು ದೂರು ಹೇಳಲು ಫೋನ್ ನಂಬರ್ ಮತ್ತು ಇಮೇಲ್ ಇರಬೇಕು. ತರಿಸಿದ ಮಾಲಾದರೆ ಯಾವ ದೇಶದ್ದು ಅಂತಲೂ ಇರಬೇಕು. ಇವು ಕಾನೂನಿನ ನಿಯಮಗಳು. ಈ ಚೀಟಿ ಇಲ್ಲದ ಪ್ಯಾಕ್ ಹಿಂಬಾಗಿಲಿನಿಂದ ಬಂದಿದ್ದು ಅಂತ ತಿಳಿಯಿರಿ. ಅಕ್ಷರ ಮಸುಕಾಗಿದ್ದರೆ, ಸ್ಪೆಲಿಂಗ್ ತಪ್ಪಿದ್ದರೆ, ಪ್ಯಾಕ್ ಒಂದು ಮಾಡೆಲ್ ಹೆಸರು ಹೇಳಿ ಡ್ರೈವ್ ಇನ್ನೊಂದು ಹೇಳಿದರೆ ಕೆಳಗಿಡಿ.

ಪ್ಯಾಕ್ ಇಲ್ಲದ ಬಿಡಿ ಪೆನ್ ಡ್ರೈವ್ ಯಾವತ್ತೂ ಬೇಡ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಹಾಡು ತುಂಬಿಸಿ ಮಾರುತ್ತಾರಲ್ಲ, ಅದನ್ನು ಹಾಡು ಕೇಳುವುದಕ್ಕೆ ಅಂತ ತೆಗೆದುಕೊಂಡರೆ ತೆಗೆದುಕೊಳ್ಳಿ. ಮನೆಯ ಫೋಟೊ ಅದರಲ್ಲಿ ಇಡಬೇಡಿ.

ಬಿಲ್ ಕೇಳಲು ಸಂಕೋಚ ಬೇಡ. ಹೀಗೆ ಹೇಳಿ ನೋಡಿ: "ಅಣ್ಣಾ, ಪಕ್ಕಾ ಬಿಲ್ ಕೊಡ್ರಿ. ಮನ್ಯಾಗ ಪೂರಾ ತುಂಬಿಸಿ ನೋಡ್ತೀನಿ. 64 ಹಿಡೀಲಿಲ್ಲಂದ್ರ ವಾಪಸ್ ತರ್ತೀನಿ, ನಡೀತದಲ್ರಿ?" ಅಸಲಿ ಮಾಲು ಇಟ್ಟವರು ಸಲೀಸಾಗಿ ಒಪ್ಪುತ್ತಾರೆ. ಮುಖ ಗಂಟಿಕ್ಕಿಕೊಂಡು "ಗ್ಯಾರಂಟಿ ಇಲ್ರಿ" ಅಂದರೆ ಪಕ್ಕದ ಅಂಗಡಿಗೆ ಹೋಗಿ. ಬಿಲ್‌ನಲ್ಲಿ ಕಂಪನಿ ಹೆಸರು, ಮಾಡೆಲ್, ಜಿಬಿ ಬರೆಸಿ. ಬರೀ "ಪೆನ್ ಡ್ರೈವ್ 1" ಅಂತ ಬರೆದರೆ ನಾಳೆ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಸೇಡಂ, ಆಳಂದ, ಜೇವರ್ಗಿ ಕಡೆಯಿಂದ ಬಂದು ಕೊಳ್ಳುವವರು ವಾಪಸ್ ತರಲು ಎಷ್ಟು ದಿನ ಟೈಮ್ ಅನ್ನುವುದನ್ನೂ ಅದೇ ಬಿಲ್ ಮೇಲೆ ಬರೆಸಿಕೊಳ್ಳಿ. ಮತ್ತೆ ಮರುದಿನವೇ ಸಿಟಿಗೆ ಬರಲು ಆಗುವುದಿಲ್ಲ, ಅಲ್ವಾ?

ಆನ್‌ಲೈನ್‌ನಲ್ಲಿ

ಆ್ಯಪ್ ದೊಡ್ಡದಾದರೂ ಮಾರುವವರು ಬೇರೆ ಯಾರೋ ಇರುತ್ತಾರೆ. "ಸೋಲ್ಡ್ ಬೈ" ಅಂತ ಇರುವ ಕಡೆ ಹೆಸರು ನೋಡಿ. ಕಂಪನಿಯ ಅಧಿಕೃತ ಸ್ಟೋರ್ ಇದ್ದರೆ ಅಲ್ಲೇ ಕೊಳ್ಳಿ.

ಸ್ಟಾರ್‌ಗಳನ್ನು ನಾನು ಈ ವಿಷಯದಲ್ಲಿ ನಂಬುವುದಿಲ್ಲ. ಕಾರಣ ಸರಳ. ಜನ ಪಾರ್ಸೆಲ್ ಬಂದ ದಿನ ಹಾಕಿ ನೋಡುತ್ತಾರೆ, 128 ಅಂತ ಕಾಣುತ್ತದೆ, ಐದು ಸ್ಟಾರ್ ಕೊಡುತ್ತಾರೆ. ಮೋಸ ಹೊರಬರುವುದು ತುಂಬಿದ ಮೇಲೆ, ತಿಂಗಳುಗಳು ಕಳೆದು. ಆಗ ಬಂದು ಬರೆಯುವವರು ಕಡಿಮೆ. ಹಾಗಾಗಿ ಒಂದು ಸ್ಟಾರ್ ಕೊಟ್ಟವರ ಮಾತು ಓದಿ. "ಫೈಲ್ ತೆರೆಯುತ್ತಿಲ್ಲ", "ಫೋಟೊ ಕರಪ್ಟ್" ಅನ್ನುವವರು ಒಬ್ಬಿಬ್ಬರಿಗಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ.

ಪಾರ್ಸೆಲ್ ಒಡೆಯುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಆರ್ಡರ್ ಮಾಡುವ ಮುಂಚೆಯೇ ನೋಡಿ, ಅಷ್ಟರೊಳಗೆ ಟೆಸ್ಟ್ ಮುಗಿಸಿ.

ಟೆಸ್ಟ್: ತುಂಬಿಸಿ, ವಾಪಸ್ ಓದಿ

ತೊಗರಿ ಚೀಲದ ಮೇಲೆ 50 ಕಿಲೋ ಅಂತ ಬರೆದಿದ್ದರೆ ನಾವು ನಂಬುವುದಿಲ್ಲ, ಕಾಟಾಕ್ಕೆ ಹಾಕುತ್ತೇವೆ. ಪೆನ್ ಡ್ರೈವ್‌ಗೂ ಒಂದು ಕಾಟಾ ಇದೆ. ಪೂರ್ತಿ ತುಂಬಿಸುವುದು, ತುಂಬಿದ್ದನ್ನು ಒಂದೊಂದಾಗಿ ವಾಪಸ್ ಓದಿ ಹೋಲಿಸುವುದು. ಬೇರೆ ಯಾವ ಪರೀಕ್ಷೆಯೂ ಇದಕ್ಕೆ ಸಮ ಅಲ್ಲ.

ವಿಂಡೋಸ್ ಇದ್ದವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವಿದೆ. ಹುಡುಕುವಾಗ ಎಚ್, 2, ಟೆಸ್ಟ್, ಡಬ್ಲ್ಯೂ, ಇವನ್ನು ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯಿಂದ ಬಂದದ್ದು. ಹಳೆಯದು, ನೋಡಲು ಚೆಂದವಿಲ್ಲ, ಆದರೆ ನನಗೆ ಇದರ ಮೇಲೆ ಪೂರ್ತಿ ನಂಬಿಕೆ. ಇನ್‌ಸ್ಟಾಲ್ ಮಾಡುವುದೂ ಬೇಡ.

1. ಪೆನ್ ಡ್ರೈವ್ ಖಾಲಿ ಇರಲಿ. ಏನಾದರೂ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನಕಲಿಯಾಗಿದ್ದರೆ ಟೆಸ್ಟ್ ಮಾಡುವಾಗ ಹಳೆಯ ಫೈಲ್‌ಗಳೂ ಅಳಿಸಿಹೋಗಬಹುದು.
2. ತಂತ್ರಾಂಶ ಜರ್ಮನ್ ಭಾಷೆಯಲ್ಲಿ ತೆರೆದರೆ ಇಂಗ್ಲಿಷ್ ಆರಿಸಿ. "ಸೆಲೆಕ್ಟ್ ಟಾರ್ಗೆಟ್" ಒತ್ತಿ ಪೆನ್ ಡ್ರೈವ್ ತೋರಿಸಿ. ಬೇರೆ ಡ್ರೈವ್ ಆಗದಂತೆ ಡ್ರೈವ್‌ನ ಅಕ್ಷರ (ಇ, ಎಫ್ ಹೀಗೆ ಇರುತ್ತದೆ) ಎರಡು ಸಲ ನೋಡಿ.
3. "ಆಲ್ ಅವೈಲಬಲ್ ಸ್ಪೇಸ್" ಆರಿಸಿ. "ರೈಟ್ + ವೆರಿಫೈ" ಒತ್ತಿ. ಇನ್ನು ಕಾಯುವ ಕೆಲಸ.

ಎಷ್ಟು ಹೊತ್ತು? ಸೆಕೆಂಡಿಗೆ 10 ಎಂಬಿ ವೇಗದಲ್ಲಿ ಬರೆದರೆ 64 ಜಿಬಿ ತುಂಬಲು ಹತ್ತಿರ ಹತ್ತಿರ ಒಂದೂಮುಕ್ಕಾಲು ಗಂಟೆ ಬೇಕು. ಆಮೇಲೆ ಓದುವುದಕ್ಕೆ ಬೇರೆ. ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗುವುದು ಒಳ್ಳೆಯದು. ಕರೆಂಟ್ ಹೋಗುವ ಭಯವಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಮಾಡಿ, ಚಾರ್ಜರ್ ಹಾಕಿಡಿ. ಲ್ಯಾಪ್‌ಟಾಪ್ ತಾನಾಗಿ ಸ್ಲೀಪ್‌ಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿಡಿ.

ಮುಗಿದಾಗ ಎರರ್ ಇಲ್ಲದೆ ಟೆಸ್ಟ್ ಮುಗಿಯಿತು ಅಂತ ಬಂದರೆ ಜಿಬಿ ಅಸಲಿ. ಡ್ರೈವ್ ದೋಷದ್ದಿರಬಹುದು ಅನ್ನುವ ಎಚ್ಚರಿಕೆ ಬಂದು, ಕೆಳಗೆ "ಡೇಟಾ ಲಾಸ್ಟ್" ಅಂತ ಇಷ್ಟು ಜಿಬಿ ಎಂದು ತೋರಿಸಿದರೆ ಅಷ್ಟು ಜಾಗ ಸುಳ್ಳು ಅಥವಾ ಹಾಳು. ಆ ತೆರೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬರೆಯುವ, ಓದುವ ವೇಗವೂ ಅಲ್ಲೇ ಇರುತ್ತದೆ. 3.0 ಅಂತ ಕೊಂಡಿದ್ದು, 3.0 ಪೋರ್ಟ್‌ಗೇ ಹಾಕಿಯೂ ಓದುವ ವೇಗ ಸೆಕೆಂಡಿಗೆ 40 ಎಂಬಿ ದಾಟದಿದ್ದರೆ ಒಳಗೆ 2.0 ಇರಬೇಕು ಅಂತ ಅನುಮಾನ ಪಡಿ. ಟೆಸ್ಟ್ ಪಾಸಾದರೆ ಅದು ಹಾಕಿದ ಫೈಲ್‌ಗಳನ್ನು ಅಳಿಸಿ ಬಳಸಲು ಶುರು ಮಾಡಿ.

ಲಿನಕ್ಸ್ ಅಥವಾ ಮ್ಯಾಕ್ ಇದ್ದವರಿಗೆ ಎಫ್3 ಇದೆ. ಅದೂ ಉಚಿತ, ಎರಡು ಆದೇಶಗಳಲ್ಲಿ ಇದೇ ಕೆಲಸ ಮಾಡುತ್ತದೆ. ಅಷ್ಟು ಹೊತ್ತಿಲ್ಲ ಅನ್ನುವವರಿಗೆ ವಿಂಡೋಸ್‌ನಲ್ಲಿ ವ್ಯಾಲಿಡ್ರೈವ್ ಇದೆ. ಪೂರ್ತಿ ತುಂಬಿಸುವ ಬದಲು ಡ್ರೈವ್‌ನ ಉದ್ದಕ್ಕೂ ಅಲ್ಲಲ್ಲಿ 576 ಕಡೆ ಬರೆದು, ಓದಿ ನೋಡುತ್ತದೆ. ಸುಳ್ಳು ಜಿಬಿ ಹಿಡಿಯಲು ಇದು ಚಲೋ ಉಪಾಯ, ಬಹಳ ಹೊತ್ತು ಹಿಡಿಯುವುದಿಲ್ಲ. ಚಿಪ್ಪಿನಲ್ಲಿ ಅಲ್ಲಲ್ಲಿ ಇರುವ ಹುಳುಕು ಮಾತ್ರ ಇದರ ಕಣ್ಣು ತಪ್ಪಿಸಬಹುದು. ಮುಖ್ಯವಾದ ಡ್ರೈವ್‌ಗೆ ಪೂರ್ತಿ ಟೆಸ್ಟ್ ಮಾಡಿ ಅನ್ನುತ್ತೇನೆ.

ಯಾವ ತಂತ್ರಾಂಶವೂ ಬೇಡ ಅನ್ನುವವರು ಹೀಗೆ ಮಾಡಬಹುದು. ಬೇರೆ ಬೇರೆ ವಿಡಿಯೊಗಳನ್ನು ಡ್ರೈವ್ ಪೂರ್ತಿ ತುಂಬುವ ತನಕ ಹಾಕಿ. ಆಮೇಲೆ ಇಜೆಕ್ಟ್ ಮಾಡಿ, ಹೊರಗೆ ತೆಗೆದು, ಮತ್ತೆ ಹಾಕಿ. ಈ ಹೆಜ್ಜೆ ಬಿಡಬೇಡಿ. ಈಗಷ್ಟೇ ಕಾಪಿ ಮಾಡಿದ್ದು ಕಂಪ್ಯೂಟರ್‌ನ ಮೆಮೊರಿಯಲ್ಲೇ ಉಳಿದಿರುತ್ತದೆ, ಹಾಗೇ ತೆರೆದರೆ ಅಲ್ಲಿಂದ ಓದಿ ಎಲ್ಲ ಸರಿ ಇದ್ದಂತೆ ತೋರಿಸಬಹುದು. ಮತ್ತೆ ಹಾಕಿದ ಮೇಲೆ ಮೊದಲು ಹಾಕಿದ್ದು, ನಡುವಿನದ್ದು, ಕೊನೆಯದ್ದು, ಎಲ್ಲವನ್ನೂ ತೆರೆದು ಅಲ್ಲಲ್ಲಿ ಓಡಿಸಿ ನೋಡಿ.

64 ಜಿಬಿ ಕೊಂಡು ವಿಂಡೋಸ್‌ನಲ್ಲಿ 57ರಿಂದ 59 ಅಂತ ಕಂಡರೆ ಗಾಬರಿ ಬೇಡ, ಅದು ಮೋಸ ಅಲ್ಲ. ಕಂಪನಿಗಳು 1 ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತವೆ, ವಿಂಡೋಸ್ 1024ರ ಗುಣಾಕಾರದಲ್ಲಿ ಲೆಕ್ಕ ಹಾಕುತ್ತದೆ. 32 ಜಿಬಿಯದ್ದು 28, 29 ಅಂತ ಕಾಣುತ್ತದೆ. ಹಾಗೇ, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹೋಗದಿದ್ದರೂ ಡ್ರೈವ್ ನಕಲಿ ಅನ್ನಬೇಡಿ. ಫ್ಯಾಟ್32 ಫಾರ್ಮ್ಯಾಟ್‌ಗೆ ಇರುವ ಮಿತಿ ಅದು. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಹೋಗುತ್ತದೆ. ಹಳೆಯ ಟಿವಿ, ಸ್ಟೀರಿಯೊ ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅವಕ್ಕೆ ಫ್ಯಾಟ್32ನೇ ಬೇಕು.

ಅಸಲಿಯನ್ನೂ ಬಿಸಿಲಿನಿಂದ ಕಾಪಾಡಿ

ನಮ್ಮ ಬೇಸಿಗೆ ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಮಾಮೂಲು. ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಫ್ಲ್ಯಾಶ್ ಮೆಮೊರಿ ಡೇಟಾ ಹಿಡಿದಿಡುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುತ್ ಕಣಗಳ ರೂಪದಲ್ಲಿ. ಬಿಸಿ ಹೆಚ್ಚಿದಷ್ಟೂ ಅವು ಬೇಗ ಸೋರುತ್ತವೆ. ಹಾಡಿನ ಪೆನ್ ಡ್ರೈವ್ ಗಾಡಿಯಲ್ಲೇ ಇರಲಿ, ಹಾಳಾದರೆ ಮತ್ತೆ ತುಂಬಿಸಬಹುದು. ಮದುವೆ ವಿಡಿಯೊದ್ದು ಮನೆಯೊಳಗೆ, ತಣ್ಣಗಿನ ಕಪಾಟಿನಲ್ಲಿರಲಿ. ವರ್ಷಕ್ಕೊಮ್ಮೆ ಹಾಕಿ ಎಲ್ಲ ತೆರೆಯುತ್ತವೆಯೇ ನೋಡಿ. ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇರಲೇಬೇಕು. ಅಸಲಿ ಡ್ರೈವ್ ಕೂಡ ಒಂದು ದಿನ ಕೆಡುತ್ತದೆ.

ನಕಲಿ ಅಂತ ಗೊತ್ತಾದರೆ

ಈಗಾಗಲೇ ಬಳಸುತ್ತಿರುವ ಡ್ರೈವ್ ಮೇಲೆ ಅನುಮಾನ ಬಂದರೆ ಅದಕ್ಕೆ ಹೊಸದೇನೂ ಹಾಕಬೇಡಿ. ಒಂದು ಫೈಲ್ ಹಾಕಿದರೂ ಉಳಿದದ್ದರ ಮೇಲೆ ಬರೆದುಕೊಳ್ಳಬಹುದು. ತೆರೆಯುವ ಫೈಲ್‌ಗಳನ್ನೆಲ್ಲ ಮೊದಲು ಕಂಪ್ಯೂಟರ್‌ಗೆ ತೆಗೆದುಕೊಳ್ಳಿ. ತೆರೆಯದ್ದನ್ನು ರಿಕವರಿ ಮಾಡಿಸಿಕೊಡುತ್ತೇವೆ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಕಂಟ್ರೋಲರ್ ಎಸೆದ ಅಥವಾ ಮೇಲೆ ಬೇರೆ ಬರೆದು ಅಳಿಸಿಹೋದ ಡೇಟಾ ಚಿಪ್ಪಿನಲ್ಲಿ ಇಲ್ಲವೇ ಇಲ್ಲ, ಅದನ್ನು ಯಾರೂ ತರಲಾರರು. ಫೋಟೊಗಳ ಮೂಲ ಸ್ಟುಡಿಯೊದವರ ಹತ್ತಿರವೋ, ಹಳೆಯ ಮೊಬೈಲ್‌ನಲ್ಲೋ ಉಳಿದಿದೆಯಾ ಅಂತ ಬೇಗ ವಿಚಾರಿಸಿ. ಸ್ಟುಡಿಯೊದವರು ಹಳೆಯದನ್ನು ಅಳಿಸುತ್ತಾ ಹೋಗುತ್ತಾರೆ, ತಡವಾದರೆ ಅದೂ ಸಿಗಲಿಕ್ಕಿಲ್ಲ.

8 ಜಿಬಿ ಅಸಲಿ ಇದೆಯಲ್ಲ, ಅಷ್ಟನ್ನೇ ಬಳಸೋಣ ಅಂತ ಡ್ರೈವ್ ಸರಿಪಡಿಸುವ ವಿಧಾನಗಳೂ ಇವೆ. ನನಗೆ ಅದು ಸರಿ ಕಾಣುವುದಿಲ್ಲ. ಜಿಬಿಯಲ್ಲಿ ಸುಳ್ಳು ಹೇಳಿದವರು ಚಿಪ್ ಮಾತ್ರ ಚಲೋದು ಹಾಕಿರುತ್ತಾರಾ? ಬೇರೆಯವರಿಗೂ ಅದನ್ನು ಕೊಡಬೇಡಿ.

ಅಂಗಡಿಗೆ ಬಿಲ್, ಪ್ಯಾಕ್, ಟೆಸ್ಟ್‌ನ ಫೋಟೊ ಹಿಡಿದು ಹೋಗಿ. ಜಗಳಕ್ಕೆ ನಿಲ್ಲಬೇಡಿ, ಅವರ ಎದುರಿಗೇ ತೋರಿಸಿ. ಬಹಳ ಮಂದಿ ಬದಲಿಸಿ ಕೊಡುತ್ತಾರೆ, ಅವರೂ ಹೋಲ್‌ಸೇಲ್‌ನವರಿಗೆ ವಾಪಸ್ ಕಳಿಸಬಹುದು. ಬದಲಿಗೆ ಕೊಟ್ಟಿದ್ದನ್ನೂ ಟೆಸ್ಟ್ ಮಾಡಿ, ಅದೇ ಲಾಟಿನ ಮಾಲು ಇರಬಹುದು. ಆನ್‌ಲೈನ್ ಆದರೆ "ಇಷ್ಟವಾಗಲಿಲ್ಲ" ಅಂತ ಕಾರಣ ಕೊಡದೆ ನಕಲಿ ಅಂತಲೇ ಬರೆಯಿರಿ, ಫೋಟೊ ಸೇರಿಸಿ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಇರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು, ಮಾರಿದವರು ದಿಲ್ಲಿಯಲ್ಲಿ ಇದ್ದರೂ ಅಷ್ಟೇ.